ಗ್ರಂಥಾಲಯದಲ್ಲಿ ಗೆಜ್ಜೆ: ತಾಣನಿಷ್ಠ ನೃತ್ಯದ ಪರಿಕಲ್ಪನೆ ಮತ್ತು ಕಡೂರು ಸೀಮೆಯ ವೀರಗಾಸೆ

1

ಕುಣಿತವೊಂದು ನಡೆಯುವ ಜಾಗವು ಆ ಕುಣಿತದ ಹೊರಗಿನ ಸಂಗತಿಯೋ ಒಳಗಿನ ಸಂಗತಿಯೋ ಎಂಬ ಪ್ರಶ್ನೆಯನ್ನು ನಮ್ಮ ಜಾನಪದ ಅಧ್ಯಯನ ನೇರವಾಗಿ ಕೇಳಿಕೊಂಡದ್ದು ಕಡಿಮೆ. ವೇಷಭೂಷಣ, ವಾದ್ಯ, ಹೆಜ್ಜೆಗಾರಿಕೆ, ಹಾಡಿನ ಪಠ್ಯ ಇವುಗಳನ್ನು ದಾಖಲಿಸುವಲ್ಲಿ ತೋರಿದ ಶ್ರದ್ಧೆಯನ್ನು ನಾವು ಜಾಗದ ವಿಷಯದಲ್ಲಿ ತೋರಿಲ್ಲ. ಜಾತ್ರೆ ಉತ್ಸವಗಳ ಕಾಲದಲ್ಲಿ ದೇವಾಲಯದ ಮುಂದೆ ಪ್ರದರ್ಶಿಸುತ್ತಾರೆ ಎಂಬ ಒಂದು ವಾಕ್ಯದಲ್ಲಿ ಆ ಅಂಶ ಮುಗಿದುಹೋಗುತ್ತದೆ. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಅವರು 1964ರಲ್ಲಿಯೇ ವಿನ್ಯಾಸ, ಪಠ್ಯ, ಸಂದರ್ಭ ಎಂಬ ಮೂರು ನೆಲೆಗಳಲ್ಲಿ ಜಾನಪದವನ್ನು ನೋಡಬೇಕೆಂದು ವಾದಿಸಿದರು. ರಿಚರ್ಡ್ ಬೌಮನ್ ಅವರು 1970ರ ದಶಕದಲ್ಲಿ ಪ್ರದರ್ಶನವನ್ನೇ ಅಧ್ಯಯನದ ಕೇಂದ್ರಕ್ಕೆ ತಂದರು. ಈ ಚಿಂತನೆಗಳು ಕನ್ನಡಕ್ಕೆ ಬಂದು ದಶಕಗಳಾಗಿವೆ. ಆದರೂ 'ಸಂದರ್ಭ' ಎಂಬ ಮಾತನ್ನು ನಾವು ಕಾಲದ ಅರ್ಥದಲ್ಲಿ ಬಳಸಿದಷ್ಟು ನೆಲದ ಅರ್ಥದಲ್ಲಿ ಬಳಸಿಲ್ಲ.

ಇದೇ ಅವಧಿಯಲ್ಲಿ ಪಶ್ಚಿಮದ ಆಧುನಿಕ ನೃತ್ಯವು ಜಾಗದ ಪ್ರಶ್ನೆಯನ್ನೇ ತನ್ನ ವಸ್ತುವಾಗಿಸಿಕೊಂಡಿತು. ನ್ಯೂಯಾರ್ಕಿನಲ್ಲಿ ತ್ರಿಶಾ ಬ್ರೌನ್ ಅವರು 1970ರಲ್ಲಿ ಕಟ್ಟಡವೊಂದರ ಹೊರಗೋಡೆಯ ಮೇಲೆ ಮನುಷ್ಯನೊಬ್ಬನನ್ನು ಮೇಲಿನಿಂದ ಕೆಳಕ್ಕೆ ನಡೆಸಿದರು. 1971ರಲ್ಲಿ ನರ್ತಕರನ್ನು ಬೇರೆ ಬೇರೆ ಕಟ್ಟಡಗಳ ತಾರಸಿಗಳ ಮೇಲೆ ನಿಲ್ಲಿಸಿ, ಒಬ್ಬರ ಚಲನೆಯನ್ನು ಇನ್ನೊಬ್ಬರು ದೂರದಿಂದ ಕಂಡು ಮುಂದಕ್ಕೆ ದಾಟಿಸುವಂತೆ ಮಾಡಿದರು. ರಂಗಮಂದಿರವನ್ನು ಬಿಟ್ಟು, ನಿರ್ದಿಷ್ಟ ಜಾಗವೊಂದರಿಂದಲೇ ತನ್ನ ರೂಪವನ್ನು ಪಡೆದುಕೊಳ್ಳುವ ಇಂಥ ನೃತ್ಯವನ್ನು ತಾಣನಿಷ್ಠ ನೃತ್ಯ ಎಂದು ಕರೆಯಬಹುದು.

ಪ್ರಸ್ತುತ ಲೇಖನವು ಗ್ರಂಥಾಲಯದೊಳಗೆ ರೂಪುಗೊಂಡ ಇಂಥ ಎರಡು ನೃತ್ಯಗಳನ್ನು ಮುಂದಿಟ್ಟುಕೊಂಡು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ವೀರಗಾಸೆಯನ್ನು ಮರಳಿ ನೋಡುವ ಪ್ರಯತ್ನ. ಜೊತೆಗೆ ಚೌಳಹಿರಿಯೂರಿನ ಸುತ್ತಿನಲ್ಲಿ ಕ್ಷೇತ್ರಕಾರ್ಯ ಮಾಡುವಾಗ ನನಗೊದಗಿದ ಒಂದು ಅನುಭವವನ್ನೂ ಇಲ್ಲಿ ಪರಿಶೀಲನೆಗೆ ಒಳಪಡಿಸಿದ್ದೇನೆ. ಜಾಗವೆಂದರೆ ನೆಲ ಮತ್ತು ಗೋಡೆ ಮಾತ್ರವಲ್ಲ. ಯಾರ ಮುಂದೆ ಕುಣಿಯುತ್ತಿದ್ದೇವೆ ಎಂಬ ಹೊಣೆಯೂ ಹೌದು ಎಂಬುದು ಈ ಲೇಖನದ ವಾದ.

2

ಗ್ರಂಥಾಲಯವು ದೇಹಕ್ಕೆ ಒಂದು ಶಿಸ್ತನ್ನು ವಿಧಿಸುವ ಜಾಗ. ಅಲ್ಲಿ ಕೂರಬೇಕು, ಮೌನವಾಗಿರಬೇಕು, ಕಣ್ಣು ಮಾತ್ರ ಚಲಿಸಬೇಕು. ಭಾರತೀಯ ಗ್ರಂಥಾಲಯ ವಿಜ್ಞಾನದ ಪ್ರವರ್ತಕರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು ಗ್ರಂಥಾಲಯವನ್ನು ಬೆಳೆಯುವ ಜೀವಿಯೆಂದು ಭಾವಿಸುತ್ತದೆ. ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನ ಕೇಂದ್ರವನ್ನು ಕಟ್ಟಿದ ಈ ವಿದ್ವಾಂಸರ ದೃಷ್ಟಿಯಲ್ಲಿ ಪುಸ್ತಕ ಇರುವುದು ಕಾಪಾಡಲಿಕ್ಕಲ್ಲ, ಬಳಸಲಿಕ್ಕೆ. ಆದರೆ ಆ ಜೀವಿಗೆ ಕೈಕಾಲುಗಳಿವೆಯೇ, ಅದು ಸದ್ದು ಮಾಡಬಹುದೇ ಎಂಬ ಪ್ರಶ್ನೆ ಗ್ರಂಥಾಲಯದೊಳಗೆ ನೃತ್ಯ ನಡೆದಾಗ ಮಾತ್ರ ಏಳುತ್ತದೆ.

ಅಮೆರಿಕದ ನೃತ್ಯ ಸಂಯೋಜಕ ಸ್ಟೀಫನ್ ಕೊಪ್ಲೊವಿಟ್ಸ್ ಅವರು 1998ರಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ 'ಬೇಬೆಲ್ ಇಂಡೆಕ್ಸ್' ಎಂಬ ನೃತ್ಯವನ್ನು ಸಂಯೋಜಿಸಿದರು. ಆ ಗ್ರಂಥಾಲಯದ ಹೊಸ ಕಟ್ಟಡ ವಿಧ್ಯುಕ್ತವಾಗಿ ಉದ್ಘಾಟನೆಗೊಂಡದ್ದೂ ಅದೇ ವರ್ಷ. ಕಟ್ಟಡದ ನಡುವೆ ಮೂರನೆಯ ಜಾರ್ಜ್ ದೊರೆಯ ಪುಸ್ತಕಗಳನ್ನಿರಿಸಿದ ಎತ್ತರದ ಗಾಜಿನ ಗೋಪುರವಿದೆ. ಪುಸ್ತಕಗಳು ಎಲ್ಲರಿಗೂ ಕಾಣುತ್ತವೆ, ನೇರವಾಗಿ ಕೈಗೆ ಸಿಗುವುದಿಲ್ಲ. ನೃತ್ಯದ ಶೀರ್ಷಿಕೆಯೇ ಅರ್ಥಪೂರ್ಣವಾದುದು. ಬೇಬೆಲ್ ಎಂಬುದು ಭಾಷೆಗಳು ಕದಡಿಹೋದ ಗೋಪುರದ ಕಥೆ. ಇಂಡೆಕ್ಸ್ ಎಂಬುದು ಆ ಕದಡನ್ನು ಸಾಲಾಗಿ ಜೋಡಿಸುವ ಅಕಾರಾದಿ. ಹೊಸದಾಗಿ ತೆರೆದುಕೊಂಡ ಜ್ಞಾನಸೌಧದೊಳಗೆ, ಅದರ ಅಚ್ಚುಕಟ್ಟಿನ ಅಡಿಯಲ್ಲಿರುವ ಗೊಂದಲವನ್ನು ಈ ಹೆಸರು ನೆನಪಿಸುತ್ತದೆ.

ಎರಡನೆಯ ಉದಾಹರಣೆ ಫ್ರಾನ್ಸಿನದು. ನೃತ್ಯ ಸಂಯೋಜಕ ಬೋರಿಸ್ ಶರ್ಮಾಟ್ಸ್ ಅವರು 2012ರಲ್ಲಿ ರೆನ್ ನಗರದ ಶಾಂ ಲೀಬ್ರ್ ಎಂಬ ಗ್ರಂಥಾಲಯ ಸಮುಚ್ಚಯದಲ್ಲಿ 'ಇಪ್ಪತ್ತನೆಯ ಶತಮಾನಕ್ಕೆ ಇಪ್ಪತ್ತು ನರ್ತಕರು' ಎಂಬ ಪ್ರಯೋಗವನ್ನು ಮೊದಲು ಮಾಡಿದರು. ವೇದಿಕೆಯಿಲ್ಲ, ಆಸನಗಳ ಸಾಲಿಲ್ಲ. ಒಬ್ಬೊಬ್ಬ ನರ್ತಕ ಒಂದೊಂದು ಮೂಲೆಯಲ್ಲಿ ನಿಂತು ಕಳೆದ ಶತಮಾನದ ನೃತ್ಯಗಳನ್ನು ತನ್ನ ದೇಹದಿಂದ ನೆನಪಿಸಿಕೊಂಡು ತೋರಿಸುತ್ತಾನೆ, ಕೇಳಿದವರಿಗೆ ವಿವರಿಸುತ್ತಾನೆ. ಓದುಗ ಕಪಾಟಿನಿಂದ ಕಪಾಟಿಗೆ ಹೋಗುವಂತೆ ಪ್ರೇಕ್ಷಕ ದೇಹದಿಂದ ದೇಹಕ್ಕೆ ಹೋಗುತ್ತಾನೆ. ಮುಂದೆ ಈ ಪ್ರಯೋಗ 2013ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯಕ್ಕೂ 2015ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ಗೂ ಹೋಯಿತು.

ಮೊದಲನೆಯ ಪ್ರಯೋಗದಲ್ಲಿ ನೃತ್ಯವು ಗ್ರಂಥಾಲಯದ ಕಟ್ಟಡವನ್ನು ಓದುತ್ತದೆ. ಎರಡನೆಯದರಲ್ಲಿ ದೇಹವೇ ಗ್ರಂಥಾಲಯವಾಗುತ್ತದೆ. ಪ್ರದರ್ಶನ ಅಧ್ಯಯನದ ವಿದ್ವಾಂಸೆ ಡಯಾನಾ ಟೇಲರ್ ಅವರು 2003ರಲ್ಲಿ ಪ್ರಕಟವಾದ ತಮ್ಮ ಕೃತಿಯಲ್ಲಿ ದಾಖಲೆಗಳ ಭಂಡಾರ ಮತ್ತು ದೇಹಗಳ ಭಂಡಾರ ಎಂದು ಮಾಡಿದ ವಿಂಗಡಣೆಯನ್ನು ಇಲ್ಲಿ ನೆನೆಯಬಹುದು. ಕಾಗದದಲ್ಲಿ ಉಳಿಯುವ ಜ್ಞಾನ ಬೇರೆ; ಮಾಡಿದಾಗ ಮಾತ್ರ ಇರುವ ಜ್ಞಾನ ಬೇರೆ. ಎರಡನೆಯದು ನಶ್ವರವೆಂಬ ನಂಬಿಕೆಯನ್ನು ಶರ್ಮಾಟ್ಸ್ ಅವರ ಪ್ರಯೋಗ ಗ್ರಂಥಾಲಯದ ನಡುವೆಯೇ ಪ್ರಶ್ನಿಸುತ್ತದೆ.

ಇವೆರಡರ ಮಹತ್ವವನ್ನು ಒಪ್ಪಿಕೊಂಡೂ ಒಂದು ಮಾತನ್ನು ಹೇಳಬೇಕಾಗುತ್ತದೆ. ಇಲ್ಲಿ ತಾಣವನ್ನು ಆರಿಸಿಕೊಂಡವರು ಕಲಾವಿದರು. ತಾಣ ಅವರನ್ನು ಕರೆದುದಲ್ಲ. ಶರ್ಮಾಟ್ಸ್ ಅವರ ಪ್ರಯೋಗ ಗ್ರಂಥಾಲಯದಿಂದ ವಸ್ತುಸಂಗ್ರಹಾಲಯಕ್ಕೆ ಸಲೀಸಾಗಿ ಹೊರಟುಹೋಯಿತೆಂದರೆ ಆ ಗ್ರಂಥಾಲಯದೊಂದಿಗೆ ಅದಕ್ಕೆ ಇದ್ದುದು ಸ್ನೇಹ, ಋಣವಲ್ಲ. ಈ ಋಣದ ಅಂಶವನ್ನು ಅರಿಯಲು ನಾವು ನಮ್ಮ ಸೀಮೆಗೆ ಮರಳಬೇಕು.

3

ಬರಹ ಮತ್ತು ಕುಣಿತ ಒಂದೇ ಸೂರಿನಡಿ ಇರುವುದು ನಮಗೆ ಹೊಸದಲ್ಲ. ತರೀಕೆರೆ ಸಮೀಪದ ಅಮೃತಾಪುರದ ಅಮೃತೇಶ್ವರ ದೇವಾಲಯ ಇದಕ್ಕೆ ಒಳ್ಳೆಯ ನಿದರ್ಶನ. ಎರಡನೆಯ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತ ದಂಡನಾಯಕನು ಕಟ್ಟಿಸಿದ ಈ ದೇವಾಲಯದ ಶಿಲಾಶಾಸನ ಜನ್ನಕವಿಯ ರಚನೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. 'ಯಶೋಧರ ಚರಿತೆ'ಯ ಕವಿ ತಾಳೆಗರಿಯ ಮೇಲಲ್ಲದೆ ಕಲ್ಲಿನ ಮೇಲೂ ಇಲ್ಲಿ ಸಿಗುತ್ತಾನೆ. ದೇವಾಲಯದ ದಕ್ಷಿಣ ಭಾಗದ 70 ಫಲಕಗಳಲ್ಲಿ ರಾಮಾಯಣವಿದೆ. ಉತ್ತರ ಭಾಗದಲ್ಲಿ 25 ಫಲಕಗಳಲ್ಲಿ ಭಾಗವತದ ಕಥೆ, 45 ಫಲಕಗಳಲ್ಲಿ ಮಹಾಭಾರತವಿದೆ. ರಾಮಾಯಣದ ಕಥೆ ಮಾತ್ರ ಹೊಯ್ಸಳ ಪದ್ಧತಿಗೆ ವ್ಯತಿರಿಕ್ತವಾಗಿ ಅಪ್ರದಕ್ಷಿಣವಾಗಿ ಸಾಗುತ್ತದೆ. ಅದನ್ನು ಓದಬೇಕಾದವನು ತನ್ನ ರೂಢಿಯ ನಡಿಗೆಯ ದಿಕ್ಕನ್ನೇ ಬದಲಿಸಬೇಕು. ಪುಟ ತಿರುಗಿಸುವ ಕೆಲಸವನ್ನು ಇಲ್ಲಿ ಬೆರಳಲ್ಲ, ಕಾಲು ಮಾಡುತ್ತದೆ.

ಆ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಅಂಗಭೋಗ, ರಂಗಭೋಗ ಎಂಬ ಜೋಡಿಪದಗಳನ್ನೂ ಗಮನಿಸಬೇಕು. ದೇವರ ಅಭಿಷೇಕ ಅಲಂಕಾರಗಳಿಗೆ ಭೂಮಿ ಬಿಟ್ಟಂತೆ ಗೀತನೃತ್ಯಗಳ ಸೇವೆಗೂ ಭೂಮಿ ಬಿಡುತ್ತಿದ್ದರು. ಎಂದರೆ ಕುಣಿತ ಆ ಜಾಗಕ್ಕೆ ಸಲ್ಲಬೇಕಾದ ಸಲ್ಲಿಕೆಯಾಗಿತ್ತು. ಜಾಗಕ್ಕೆ ಕುಣಿತವನ್ನು ಕೇಳುವ ಹಕ್ಕಿತ್ತು. ತಾಣನಿಷ್ಠ ನೃತ್ಯದ ಆಧುನಿಕ ಮೀಮಾಂಸೆಯಲ್ಲಿ ಕಾಣದ ಅಂಶ ಇದೇ ಎಂದು ನನ್ನ ಭಾವನೆ.

4

ಈ ಹಕ್ಕು ಶಾಸನಗಳೊಂದಿಗೆ ಮುಗಿದುಹೋಗಲಿಲ್ಲ. ಬಯಲುಸೀಮೆ ಮಲೆನಾಡಿಗೆ ತಾಗುವ ಕಡೂರು ಸೀಮೆಯಲ್ಲಿ ಅದು ವೀರಗಾಸೆಯಾಗಿ ಇಂದಿಗೂ ಉಳಿದಿದೆ. ವೀರಗಾಸೆಯ ಕಥಾವಸ್ತು ದಕ್ಷಯಜ್ಞದ ಸಂಹಾರ. ರಾಘವಾಂಕನು 'ವೀರೇಶ ಚರಿತೆ'ಯಲ್ಲಿ ಉದ್ದಂಡ ಷಟ್ಪದಿಗೆ ಅಳವಡಿಸಿದ ವೀರಭದ್ರನ ಕಥೆಯನ್ನೇ ಕಲಾವಿದರು ಒಡಪಿನಲ್ಲಿ ಹೇಳುತ್ತಾರೆ. ತಲೆಯ ಹಿಂದೆ ಇಳಿಬಿದ್ದ ಬಿಳಿಯ ಚೌರಿ, ಕೊರಳಲ್ಲಿ ರುದ್ರಾಕ್ಷಿ, ಎದೆಯ ಮೇಲೆ ವೀರಭದ್ರನ ಹಲಗೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕತ್ತಿ. ಸಮಾಳ, ಕರಡೆ, ತಾಳ, ಓಲಗಗಳ ಮೇಳ. ಈ ವಿವರಗಳೆಲ್ಲ ಚಿಕ್ಕಮಗಳೂರು ಜಿಲ್ಲೆಯವರೇ ಆದ ಗೊ.ರು. ಚನ್ನಬಸಪ್ಪನವರಂಥ ಹಿರಿಯರ ಶ್ರಮದಿಂದ ನಮಗೆ ಪರಿಚಿತವಾಗಿವೆ.

ನಾನಿಲ್ಲಿ ಒತ್ತಿ ಹೇಳಬೇಕೆಂದಿರುವುದು ಕುಣಿತದ ದಾರಿಯನ್ನು. ಗುಗ್ಗಳದ ಮೆರವಣಿಗೆ ಮನೆಯಿಂದ ಹೊರಟು ಗುಡಿಯನ್ನು ಸೇರುವವರೆಗೆ ವೀರಗಾಸೆ ಒಂದೇ ಬಗೆಯಲ್ಲಿ ಇರುವುದಿಲ್ಲ. ಹೊಸ್ತಿಲ ಮುಂದೆ ಒಂದು ಗತಿ, ಬೀದಿಯಲ್ಲಿ ಒಂದು ಗತಿ, ಗುಡಿಯ ಅಂಗಳದಲ್ಲಿ ಇನ್ನೊಂದು. ಒಡಪು ಹೇಳುವವನು ಕೈಯೆತ್ತಿದಾಗ ವಾದ್ಯ ನಿಲ್ಲುತ್ತದೆ. ಮಾತಿನ ತುದಿಯಲ್ಲಿ ರುದ್ರನನ್ನು ಕೂಗಿದಾಗ ವಾದ್ಯ ಮರಳಿ ಬೀಳುತ್ತದೆ. ಎಲ್ಲಿ ನಿಲ್ಲಿಸಬೇಕು, ಎಷ್ಟು ಹೇಳಬೇಕು ಎಂಬುದನ್ನು ನಿರ್ಧರಿಸುವುದು ಜಾಗ. ಮದುವೆ ಮನೆಯ ಚಪ್ಪರದಡಿ ಹೇಳುವ ಒಡಪಿನ ಹರವು ಬೇರೆ; ಗುಡಿಯ ಮುಂದೆ ಹೇಳುವುದರ ಹರವು ಬೇರೆ.

ತಾಣಕ್ಕಾಗಿಯೇ ಹುಟ್ಟಿದ ನೃತ್ಯ, ಒಂದು ಬಗೆಯ ತಾಣಗಳಿಗೆಲ್ಲ ಹೊಂದಿಸಿಕೊಳ್ಳಬಹುದಾದ ನೃತ್ಯ, ಇದ್ದ ನೃತ್ಯವನ್ನೇ ಹೊಸ ಜಾಗಕ್ಕೆ ತಂದದ್ದು ಎಂದು ಕೊಪ್ಲೊವಿಟ್ಸ್ ಅವರಂಥ ಸಂಯೋಜಕರು ವರ್ಗೀಕರಣ ಮಾಡುತ್ತಾರೆ. ವೀರಗಾಸೆಯನ್ನು ಇವುಗಳಲ್ಲಿ ಯಾವುದರೊಳಗೂ ಪೂರ್ತಿಯಾಗಿ ಇಡಲಾಗದು. ಅದು ಒಂದೇ ತಾಣಕ್ಕೆ ಹುಟ್ಟಿದ್ದಲ್ಲ. ಆದರೆ ಕರೆಯಿಲ್ಲದ ತಾಣದಲ್ಲಿ ಅದು ಪೂರ್ಣವಾಗುವುದಿಲ್ಲ. ಕನ್ನಡದಲ್ಲಿ ಜಾಗಕ್ಕೆ ಇರುವ ಪದಗಳೇ ಇದನ್ನು ಸೂಚಿಸುತ್ತವೆ. ಎಡೆ, ಠಾವು, ತಾಣ ಇವು ಸ್ಥಳವನ್ನು ಹೇಳುತ್ತವೆ. 'ನೆಲೆ' ಎಂಬ ಮಾತು ಅಲ್ಲಿ ಯಾರೋ ಇದ್ದಾರೆ ಎಂಬುದನ್ನೂ ಹೇಳುತ್ತದೆ. ದೈವ ನೆಲೆಗೊಂಡಿದೆ ಎನ್ನುತ್ತೇವೆಯೇ ಹೊರತು ಸ್ಥಳಗೊಂಡಿದೆ ಎನ್ನುವುದಿಲ್ಲ. ವೀರಗಾಸೆ ತಾಣನಿಷ್ಠವೆನ್ನುವುದಕ್ಕಿಂತ ನೆಲೆನಿಷ್ಠವೆನ್ನುವುದು ಹೆಚ್ಚು ಸೂಕ್ತ.

5

ಈ ವ್ಯತ್ಯಾಸವನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ. ಹದಿನೈದು ವರ್ಷಗಳಿಗೂ ಹಿಂದೆ, ಪಿಎಚ್.ಡಿ. ಅಧ್ಯಯನಕ್ಕಾಗಿ ಚೌಳಹಿರಿಯೂರಿನ ಸುತ್ತಿನ ಹಳ್ಳಿಗಳಲ್ಲಿ ಒಡಪುಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. ಹಳ್ಳಿಯೊಂದರಲ್ಲಿ ಹಿಟ್ಟಿನ ಗಿರಣಿಯ ಸದ್ದು ಮುದ್ರಣಕ್ಕೆ ತೊಡಕಾಯಿತು. ಸದ್ದಿಲ್ಲದ ಜಾಗವೆಂದು ಹಿರಿಯ ಕಲಾವಿದರೊಬ್ಬರನ್ನು ಅಲ್ಲಿನ ಗ್ರಂಥಾಲಯಕ್ಕೆ ಕರೆದೊಯ್ದೆ. ಒಂದೇ ಕೋಣೆ, ಎರಡು ಕಬ್ಬಿಣದ ಬೀರು, ದಿನಪತ್ರಿಕೆಗಳನ್ನು ಹರಡಿದ ಉದ್ದನೆಯ ಮೇಜು, ಗೋಡೆಯ ಮೇಲೆ ಮೌನವಾಗಿರಲು ಹೇಳುವ ಫಲಕ. ಕುರ್ಚಿಯ ಮೇಲೆ ಕೂರಿಸಿ ಹೇಳಲು ಕೇಳಿಕೊಂಡೆ. ನಾಲ್ಕೈದು ಮಾತುಗಳ ನಂತರ ಅವರು ತಡವರಿಸಿದರು. ಮತ್ತೆ ಮೊದಲಿನಿಂದ ಹಿಡಿದರು, ಅಲ್ಲಿಯೇ ನಿಂತಿತು. ಕೊನೆಗೆ "ಕೂತ್ಕಂಡ್ರೆ ಬರಲ್ಲ ಮೇಷ್ಟ್ರೆ. ಇಲ್ಲಿ ಯಾರ ಮುಂದೆ ಹೇಳ್ಲಿ?" ಎಂದರು.

ಅವರ ಮಾತಿನ ಮೊದಲ ಭಾಗ ಮಾತ್ರ ಆಗ ನನಗೆ ಅರ್ಥವಾಯಿತು. ನಿಂತುಕೊಂಡು ಹೇಳಲಿ ಎಂದು ಮರುದಿನ ಸಂಜೆ ಮೇಜನ್ನು ಗೋಡೆಗೆ ಸರಿಸಿದೆವು. ಅವರು ಕರಡೆಯವರನ್ನು ಕರೆತಂದರು. ಚಪ್ಪಲಿಯನ್ನು ಹೊರಗೆ ಬಿಟ್ಟರು. ಕಾಗದಗಳಿರುವ ಕೋಣೆಯಲ್ಲಿ ಬೆಂಕಿ ಬೇಡವೆಂದು ಮೇಲ್ವಿಚಾರಕರು ಹೇಳಿದ್ದರಿಂದ ಕರ್ಪೂರವನ್ನು ಹೊಸ್ತಿಲ ಆಚೆ ಹಚ್ಚಿದರು. ವಾದ್ಯದ ಸದ್ದಿಗೆ ಕಿಟಕಿಯ ಸರಳುಗಳಾಚೆ ಹುಡುಗರು ಸೇರಿದರು. ಪತ್ರಿಕೆ ಓದುತ್ತಿದ್ದವರು ಎದ್ದು ಬೀರುಗಳಿಗೆ ಒರಗಿ ನಿಂತರು. ಪರೀಕ್ಷೆಗೆ ಓದಲು ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಪುಸ್ತಕವನ್ನು ಎದೆಗೆ ಹಿಡಿದು ಒಂದು ಮೂಲೆಯಲ್ಲಿ ನಿಂತಳು.

ಮೇಲೆ ಫ್ಯಾನಿದ್ದುದರಿಂದ ಕತ್ತಿಯನ್ನು ಎತ್ತಲಾಗಲಿಲ್ಲ. ಅವರು ಅದನ್ನು ಸೊಂಟದ ಮಟ್ಟದಲ್ಲಿಯೇ ಹಿಡಿದರು. ತೋಳಿನಲ್ಲಿ ಹೋಗಬೇಕಾದ ಕಸುವು ಕಾಲಿಗೂ ಕೊರಳಿಗೂ ಇಳಿಯಿತು. ಇಕ್ಕಟ್ಟಿನಲ್ಲಿ ಹೆಜ್ಜೆಗಳು ಚಿಕ್ಕವಾದವು, ವೇಗ ಹೆಚ್ಚಿತು. ಹಿಂದಿನ ದಿನ ತಡೆದು ನಿಂತಿದ್ದ ಒಡಪು ಆ ದಿನ ಒಮ್ಮೆಯೂ ತಡೆಯಲಿಲ್ಲ. ಊರನ್ನೂ ದೈವವನ್ನೂ ಹೆಸರಿಸಿ ಹರಸುವ ಕೊನೆಯ ಭಾಗದಲ್ಲಿ ಓದುವ ಮಕ್ಕಳನ್ನೂ ಸೇರಿಸಿ ಹರಸಿದರು. ಆ ಮಾತು ನಾನು ಬೇರೆಲ್ಲಿಯೂ ಮುದ್ರಿಸಿಕೊಂಡಿದ್ದ ಯಾವ ಪಾಠದಲ್ಲಿಯೂ ಇರಲಿಲ್ಲ.

ಲಂಡನ್ನಿನ, ರೆನ್‌ನ ಪ್ರಯೋಗಗಳ ವಿಷಯ ಆಗ ನನಗೆ ತಿಳಿದಿರಲಿಲ್ಲ. ಈಗ ಹೋಲಿಸಿ ನೋಡಿದಾಗ, ಫ್ಯಾನಿಗೆ ತಗ್ಗಿದ ಕತ್ತಿ ಕಟ್ಟಡವನ್ನು ಓದುವ ನೃತ್ಯದ ಲಕ್ಷಣ. ತಡೆಯದೆ ಹರಿದ ಒಡಪು ದೇಹವೇ ಭಂಡಾರವೆಂಬುದರ ಸಾಕ್ಷಿ. ಆದರೆ ಓದುವ ಮಕ್ಕಳ ಹರಕೆ ಇವೆರಡನ್ನೂ ಮೀರಿದುದು. ಆ ಕೋಣೆಯಲ್ಲಿ 'ಯಾರ ಮುಂದೆ' ಎಂಬ ಪ್ರಶ್ನೆಗೆ ಅವರು ಉತ್ತರ ಕಂಡುಕೊಂಡಿದ್ದರು. ಉತ್ತರ ದೊರೆತ ಮೇಲೆ ಆ ಸ್ಥಳ ನೆಲೆಯಾಯಿತು.

ನಾನು ಮಾಡಿದ್ದೇನು? ಮಹಾಪ್ರಬಂಧದ ಅನುಬಂಧದಲ್ಲಿ ಆ ಒಡಪಿನ ಪಠ್ಯವನ್ನು ಅಚ್ಚುಕಟ್ಟಾಗಿ ಕೊಟ್ಟೆ. ಹರಕೆಯ ಹೊಸ ಮಾತನ್ನು 'ಪ್ರಕ್ಷಿಪ್ತ' ಎಂದು ಬಗೆದು ಕೈಬಿಟ್ಟೆ. ಕೆಳಗೆ 'ಮುದ್ರಿಸಿದ ಸ್ಥಳ: ಗ್ರಂಥಾಲಯ' ಎಂದು ಒಂದು ಸಾಲು ಬರೆದೆ. ಆ ಮಹಾಪ್ರಬಂಧ ಇಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಕುಣಿತ ನಡೆದ ಗ್ರಂಥಾಲಯದಲ್ಲಿ ಅದರ ಪ್ರತಿಯಿಲ್ಲ.

6

ಇಷ್ಟನ್ನು ಹೇಳಿ, ಕುಣಿತವನ್ನು ಅದರ ಮೂಲ ನೆಲೆಗೇ ಮರಳಿಸಬೇಕು ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಉತ್ಸವಗಳ ವೇದಿಕೆಯ ಮೇಲೆ ಹತ್ತು ನಿಮಿಷಗಳಿಗೆ ಕತ್ತರಿಸಲ್ಪಟ್ಟ, ಮೆರವಣಿಗೆಗಳಲ್ಲಿ ಒಡಪನ್ನೇ ಕಳೆದುಕೊಂಡ ವೀರಗಾಸೆಯನ್ನು ನೋಡಿದಾಗ ಹಾಗೆನ್ನಿಸುವುದು ಸಹಜವೂ ಹೌದು. ಇದರಲ್ಲಿ ಇಲಾಖೆಗಳ ಪಾತ್ರವಿರುವಂತೆ ಅಕಾಡೆಮಿಗಳ ಮತ್ತು ನಮ್ಮಂಥ ವಿದ್ವಾಂಸರ ಪಾತ್ರವೂ ಇದೆ. ಆದರೆ ಆ ತೀರ್ಮಾನಕ್ಕೆ ಮೊದಲು ಅಂದು ಮೂಲೆಯಲ್ಲಿ ನಿಂತಿದ್ದ ವಿದ್ಯಾರ್ಥಿನಿಯ ಮಾತನ್ನು ಕೇಳಬೇಕು. ಕುಣಿತ ಮುಗಿದ ಮೇಲೆ ಅವಳು "ಗುಡಿ ಹತ್ರ ನಾವು ಹಿಂದೆ ನಿಂತಿರ್ತೀವಿ ಸಾರ್, ಇಷ್ಟು ಹತ್ರದಿಂದ ನೋಡಿದ್ದು ಇದೇ ಮೊದಲು" ಎಂದಳು. 'ನಾವು' ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಹೆಣ್ಣುಮಕ್ಕಳೋ, ಒಂದು ಕೇರಿಯವರೋ, ಎರಡೂ ಆಗಿರಬಹುದು. ಕೇಳದೆ ಹೋದದ್ದು ಸಂಶೋಧಕನಾಗಿ ನನ್ನ ಇನ್ನೊಂದು ಲೋಪ.

ನೆಲೆ ಎಂಬುದು ಕೆಲವರನ್ನು ಹತ್ತಿರ ಕರೆದುಕೊಳ್ಳುವಂತೆ ಕೆಲವರನ್ನು ದೂರ ನಿಲ್ಲಿಸುತ್ತದೆ. ವೀರಗಾಸೆಯ ಮೂಲ ನೆಲೆಯಲ್ಲಿ ಕುಣಿಯುತ್ತಿದ್ದವರು ಬಹುಮಟ್ಟಿಗೆ ವೀರಶೈವ ಗಂಡಸರು. ಮಹಿಳಾ ವೀರಗಾಸೆ ತಂಡಗಳು ಇಂದು ನಾಡಿನಾದ್ಯಂತ ಹೆಸರು ಮಾಡಿವೆ. ನಾವು ಹಳಿಯುವ ಅದೇ ವೇದಿಕೆ ಮತ್ತು ಮೆರವಣಿಗೆಗಳು ಅವರಿಗೆ ದಾರಿ ತೆರೆದವು. ಜಾಗದಿಂದ ಬಿಡಿಸಿದ್ದು ಕಲೆಗೆ ನಷ್ಟವಾದರೂ ಕೆಲವು ಕಲಾವಿದರಿಗೆ ಬಿಡುಗಡೆಯೂ ಆಯಿತು. ಈ ಎರಡೂ ಸತ್ಯಗಳನ್ನು ಒಟ್ಟಿಗೆ ಹಿಡಿಯದ ವಿಮರ್ಶೆ ಹಳಹಳಿಕೆಯಾಗುತ್ತದೆ.

ಗ್ರಂಥಾಲಯದ ಮಹತ್ವ ಇಲ್ಲಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಫಲವಾಗಿ ನಾಡಿನಲ್ಲಿ ಹರಡಿದ ಈ ಕೋಣೆಗಳು ಜಾತಿ, ಲಿಂಗ, ವಯಸ್ಸುಗಳನ್ನು ಕೇಳದೆ ಬಾಗಿಲು ತೆರೆಯಬೇಕಾದ ಜಾಗಗಳು. ಅವು ಗುಡಿಯಲ್ಲ, ಟಿಕೆಟ್ಟಿನ ರಂಗಮಂದಿರವೂ ಅಲ್ಲ. ಗುಡಿಗಿರುವ ನೆಲೆಯ ಗುಣ, ವೇದಿಕೆಗಿರುವ ಬಿಡುಗಡೆಯ ಗುಣ ಎರಡನ್ನೂ ಕೂಡಿಸಿಕೊಳ್ಳುವ ಸಾಧ್ಯತೆ ಈ ಮೂರನೆಯ ಜಾಗಕ್ಕಿದೆ. ಅಲ್ಲಿ ಹಿಂದಿನ ಸಾಲೆಂಬುದಿಲ್ಲ. ಕೋಣೆ ಅಷ್ಟು ಚಿಕ್ಕದು.

7

2019ರಲ್ಲಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಮುಂದೆ ಅವುಗಳಿಗೆ 'ಅರಿವು ಕೇಂದ್ರ' ಎಂಬ ಹೆಸರು ಬಂತು. ಅರಿವು ಎಂಬುದು ಶರಣರು ಅಕ್ಷರಕ್ಕಿಂತ ಹಿರಿದಾದ ಅರ್ಥದಲ್ಲಿ ಬಳಸಿದ ಪದ. ಆ ಹೆಸರಿಗೆ ತಕ್ಕಂತೆ ದೇಹದಲ್ಲಿರುವ ಅರಿವಿಗೂ ಅಲ್ಲಿ ಎಡೆ ಸಿಗಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ಇದರರ್ಥ ಪ್ರತಿ ಗ್ರಂಥಾಲಯದಲ್ಲಿಯೂ ಇಲಾಖೆಯ ಸುತ್ತೋಲೆಯಂತೆ ಕುಣಿತ ಏರ್ಪಡಿಸಬೇಕೆಂದಲ್ಲ. ಸುತ್ತೋಲೆ ಕರೆಯಾಗುವುದಿಲ್ಲ. ಊರಿನ ಕಲಾವಿದರ ಒಡಪು ಊರಿನ ಗ್ರಂಥಾಲಯದಲ್ಲಿ ಕೇಳಲು ಸಿಗುವಂತಾಗಬೇಕು. ಬಿಡುವಿನ ದಿನ ಅವರೇ ಬಂದು ಓದುವ ಮಕ್ಕಳ ಮುಂದೆ ನಿಲ್ಲುವಂತಾಗಬೇಕು. ಕರೆಯುವವರು ಆ ಮಕ್ಕಳೇ ಆಗಬೇಕು.

ದಾಖಲೀಕರಣದ ವಿಧಾನವೂ ಬದಲಾಗಬೇಕು. ಕುಣಿತದ ದಾರಿ, ನಿಲ್ಲುವ ಎಡೆಗಳು, ಯಾರು ಎಲ್ಲಿ ನಿಲ್ಲುತ್ತಾರೆ, ಯಾರಿಗೆ ಮುಖ ಕಾಣುತ್ತದೆ, ಯಾರಿಗೆ ಬೆನ್ನು ಕಾಣುತ್ತದೆ ಎಂಬುದು ಪಠ್ಯದಷ್ಟೇ ಮುಖ್ಯವಾದ ಆಕರ. ಜಾಗಕ್ಕನುಗುಣವಾಗಿ ಹುಟ್ಟುವ ಹೊಸ ಮಾತನ್ನು ಪ್ರಕ್ಷಿಪ್ತವೆಂದು ಕಳೆಯುವುದು ಕಲೆಯ ಜೀವಂತಿಕೆಯನ್ನೇ ಕಳೆದಂತೆ.

ಅಂದು ಧ್ವನಿಮುದ್ರಿಸಿದ ಕ್ಯಾಸೆಟ್ಟು ನನ್ನಲ್ಲಿ ಈಗಲೂ ಇದೆ. ಮೇಜು ಸರಿಸಿದ ಸದ್ದು, ಫ್ಯಾನಿನ ಗುಂಯ್‌ಗುಡುವಿಕೆ, ಗೆಜ್ಜೆ, ಕೊನೆಗೆ ಓದುವ ಮಕ್ಕಳಿಗೆ ಹರಕೆ ಎಲ್ಲವೂ ಅದರಲ್ಲಿವೆ. ಅನುಬಂಧದಲ್ಲಿ ಬಿಟ್ಟುಹೋದ ಆ ಹರಕೆಯ ಮಾತನ್ನು ಸೇರಿಸಿ, ಒಡಪಿನ ಪೂರ್ಣ ಪಾಠದ ಒಂದು ಪ್ರತಿಯನ್ನು ಆ ಹಳ್ಳಿಯ ಗ್ರಂಥಾಲಯಕ್ಕೆ ತಲುಪಿಸುವುದು ಈ ಲೇಖನ ಬರೆದವನ ಮೇಲಿರುವ ಬಾಕಿ.